ಸಿಹಿನೀರಿನ ಮೊದಲ ಕೊಡ

ಬೇರಿಂಗ್ ಕಾಲೊನಿಯ ಕೊಳವೆಬಾವಿ ನೀರು ಸಿಹಿಯಾಗಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದವರು ನಮ್ಮತ್ತೆ ಹಾಲಮ್ಮ. ನಲ್ಲಿಯ ಪಕ್ಕದಲ್ಲಿ ‘ಈ ನೀರು ಕುಡಿಯಲು ಅಲ್ಲ’ ಎಂಬ ಫಲಕವಿತ್ತು. ಅದರ ಮೇಲೆ ಯಾರೋ ಒಳಲಂಗ ಒಣಹಾಕಿದ್ದರು. ಅತ್ತೆ ಬೊಗಸೆಯಲ್ಲಿ ಹಿಡಿದು ಕುಡಿದು, ಬಾಯಿ ಚಪ್ಪರಿಸಿ, ಮನೆಗೆ ಬಂದರು.

“ಏನೇ ಸರ್ವಮಂಗಳಾ, ನಿಮ್ಮ ಆಫೀಸಿನೋರು ಅಂತೂ ಒಂದು ಕೆಲಸ ನೆಟ್ಟಗೆ ಮಾಡ್ಯಾರೆ. ನೀರು ಸಿಹಿ ಆಗೈತೆ.”

ನಮ್ಮ ಕಡೆ ಕುಡಿಯಲು ಬರುವ ನೀರಿಗೆಲ್ಲ ಸಿಹಿನೀರು ಎನ್ನುತ್ತಾರೆ. ಅದರಲ್ಲಿ ಬೆಲ್ಲವಿದೆ ಎಂದು ಯಾರೂ ತಿಳಿಯುವುದಿಲ್ಲ. ಉಪ್ಪಿಲ್ಲ, ಸವುಳಿಲ್ಲ, ಬೇಳೆ ಬೇಯುತ್ತದೆ, ಅಷ್ಟೇ ಅರ್ಥ. ಆದರೆ ಅತ್ತೆ ಚಪ್ಪರಿಸಿದ ರೀತಿ ನನಗೆ ಸರಿ ಕಾಣಲಿಲ್ಲ. ನೀರನ್ನು ಯಾರೂ ಹಾಗೆ ಚಪ್ಪರಿಸುವುದಿಲ್ಲ.

“ಸಿಹಿ ಅಂದ್ರೆ ಉಪ್ಪು ಹೋಗೈತೆ ಅಂತಲೋ, ನಿಜವಾಗ್ಲೂ ಸಿಹಿ ಐತೆ ಅಂತಲೋ?”

“ಸಿಹಿ ಅಂದ್ರೆ ಸಿಹಿ. ಕಾಲೇಜು ಓದಿದೋರಿಗೆ ಸಿಹಿ ಅಂದ್ರೂ ಬಿಡಿಸಿ ಹೇಳಬೇಕೇನು?”

 ಆ ಸಿಹಿ ಎಲ್ಲಿಯದಿರಬಹುದು ಎಂದು ನನಗೆ ಭಯವಾಯಿತು.

ಬೇರಿಂಗ್ ಕಾಲೊನಿಗೆ ಆ ಹೆಸರು ಬಂದದ್ದು ಈಗ ಮುಚ್ಚಿಹೋಗಿರುವ ಬೇರಿಂಗ್ ಕಾರ್ಖಾನೆಯಿಂದ. ಅಲ್ಲಿ ಉಕ್ಕಿನ ಗುಂಡುಗಳ ಜಿಡ್ಡು ತೊಳೆಯಲು ಒಂದು ದ್ರಾವಕ ಬಳಸುತ್ತಿದ್ದರು. ನೀರಿಗಿಂತ ಭಾರ, ನೋಡಲು ನೀರಿನಷ್ಟೇ ತಿಳಿ, ವಾಸನೆ ಸ್ವಲ್ಪ ಸಿಹಿ. ನನ್ನ ಮಾವ ಅದರಲ್ಲೇ ಕೈ ತೊಳೆದುಕೊಳ್ಳುತ್ತಿದ್ದರಂತೆ, ಎಲ್ಲರೂ ತೊಳೆದುಕೊಳ್ಳುತ್ತಿದ್ದರಂತೆ. ಉಳಿದದ್ದನ್ನು ಹಿತ್ತಲಿನ ಗುಂಡಿಗೆ ಸುರಿಯುವುದು. ಸಂಜೆ ಸುರಿದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಆದ್ದರಿಂದ ಅದು ಹೊರಟುಹೋಯಿತು ಎಂದು ಒಂದು ಇಡೀ ತಲೆಮಾರಿನ ಇಂಜಿನಿಯರುಗಳು ನಂಬಿದರು. ಕಣ್ಣಿಗೆ ಕಾಣದ್ದು ಇಲ್ಲ ಎಂದು ನಂಬುವುದಕ್ಕೆ ಇವರಿಗೆ ಪದವಿ ಯಾಕೆ ಬೇಕಿತ್ತೋ.

ನನ್ನ ಗಂಡ ಕೊಟ್ರೇಶನ ಎರಡೂ ಕಿಡ್ನಿ ಮೂವತ್ತು ದಾಟುವ ಮೊದಲೇ ಕೈಕೊಟ್ಟವು. ಕಾರಣ ಗೊತ್ತಿಲ್ಲ ಎಂದರು ಡಾಕ್ಟರು. ಅತ್ತೆ ತಮ್ಮದೊಂದನ್ನು ಕೊಟ್ಟರು. ಹೀಗಾಗಿ ನಮ್ಮ ಮನೆಯಲ್ಲಿ ಅಮ್ಮ ಮಗ ಇಬ್ಬರಿಗೂ ಸೇರಿ ಇರುವುದು ಒಂದೇ ಜೊತೆ ಕಿಡ್ನಿ. ಆ ದ್ರಾವಕ ಮನುಷ್ಯನ ಮೈಯಲ್ಲಿ ಹುಡುಕಿಕೊಂಡು ಹೋಗುವ ಜಾಗವೂ ಅದೇ. ಅಂದಿನಿಂದ ನಮ್ಮ ಮನೆಯೊಳಗೆ ಟ್ಯಾಂಕರ್ ನೀರು ಬಿಟ್ಟು ಬೇರೆ ಹನಿ ಬಂದಿರಲಿಲ್ಲ. ಯಾರು ಯಾವ ಲೋಟ ಎತ್ತುತ್ತಾರೆ ಎಂದು ಕಣ್ಣಿಟ್ಟು ಕೂರುವುದು ನನ್ನ ಚಾಳಿಯಾಗಿಹೋಗಿತ್ತು.

*

ನಾನು ಕೆಲಸ ಮಾಡುತ್ತಿದ್ದದ್ದು ಕಾಲೊನಿಯ ಅಂಚಿನಲ್ಲೇ ಇದ್ದ ಶುದ್ಧೀಕರಣ ಕೇಂದ್ರದಲ್ಲಿ. ಅಲ್ಲಿನವರು ನೆಲದೊಳಗೆ ಬಿಟ್ಟಿದ್ದು ‘ನಿರ್ಮಲಾಣು’. ಹೆಸರಿಡಲು ಒಂದು ಸಮಿತಿಯೇ ಕೂತಿತ್ತು. ಕೆಲಸ ಹೇಗೆ ನಡೆಯುತ್ತದೆಂದು ಯೋಚಿಸಲು ಅಂಥ ಸಮಿತಿ ಇದ್ದ ನೆನಪಿಲ್ಲ. ನಿರ್ಮಲಾಣು ಎಂದರೆ ಕೂದಲಿನ ತುದಿಯ ಮೇಲೆ ಸಾವಿರಾರು ಕೂರಬಹುದಾದ ಕಣ. ಒಳಗೆ ದ್ರಾವಕವನ್ನು ಒಡೆದು ನಿರುಪದ್ರವಿ ಮಾಡುವ ಕಬ್ಬಿಣದ ತಿರುಳು, ಹೊರಗೆ ದ್ರಾವಕ ತಾಗಿದರೆ ಮಿಡಿಯುವ ಸಿಪ್ಪೆ. ಆ ಮಿಡಿತ ನಮ್ಮ ಕಿವಿಗೆ ಕೇಳುವಂಥದ್ದಲ್ಲ. ಸುತ್ತಲಿನ ಪರೀಕ್ಷಾಬಾವಿಗಳಿಗೆ ಇಳಿಬಿಟ್ಟ ‘ಶ್ರವಣಿ’ ಎಂಬ ಆಲಿಸುವ ಸಲಕರಣೆಗಳು ಅದನ್ನು ಹಿಡಿದು, ಕಂಟ್ರೋಲ್ ರೂಮಿನಲ್ಲಿ ಚಿಟಿಚಿಟಿ ಸದ್ದಾಗಿಯೂ ಗೋಡೆಯ ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿಯೂ ತೋರಿಸುತ್ತಿದ್ದವು. ಆ ಸದ್ದು ಕೇಳುತ್ತ ಕೂರುವುದು ನನ್ನ ಕೆಲಸ.

ಮೊದಲ ವರ್ಷ ಕಿವಿ ತುಂಬ ಜೀರುಂಡೆ. ಆಮೇಲೆ ಕಡಿಮೆಯಾಯಿತು. ಈ ಬೇಸಿಗೆಯ ಹೊತ್ತಿಗೆ ನಕ್ಷೆ ಪೂರ್ತಿ ನೀಲಿ, ಕಿವಿಯಲ್ಲಿ ಮೌನ. ಮುಖ್ಯಸ್ಥರಾದ ಡಾಕ್ಟರ್ ಪ್ರಫುಲ್ಲಚಂದ್ರ ಮೌನಕ್ಕೆ ‘ಶುದ್ಧ’ ಎಂದು ಹೆಸರಿಟ್ಟರು. ಮುಂದಿನ ಭಾನುವಾರ ‘ಜೀವಜಲ ಸಮರ್ಪಣೆ’. ಅಂದು ಫಲಕ ಕೀಳುವುದು, ಮರುದಿನದಿಂದ ಟ್ಯಾಂಕರ್ ಬಂದ್.

ಅತ್ತೆ ನೀರು ಚಪ್ಪರಿಸಿದ ದಿನ ನಾನು ಅವರ ಕೋಣೆಗೆ ಹೋದೆ.

“ಸರ್, ಮೊರಂ ಗರಸಿನ ಪದರದ ನಡುವೆ ಜೇಡಿಮಣ್ಣಿನ ಪಟ್ಟಿಗಳಿವೆಯಲ್ಲ, ಅಲ್ಲಿಂದ ಯಾವತ್ತೂ ಸದ್ದು ಬಂದೇ ಇಲ್ಲ.”

“ಬರೋದಿಲ್ಲ ಮೇಡಂ. ಜೇಡಿಯಲ್ಲಿ ನೀರು ಹರಿಯೋದೇ ಇಲ್ಲ.” ಅವರು ತಲೆಯೆತ್ತಲಿಲ್ಲ. ಸಮರ್ಪಣೆಯ ಬ್ಯಾನರಿನಲ್ಲಿ ತಮ್ಮ ಫೋಟೊ ಎಡಕ್ಕಿರಬೇಕೋ ಬಲಕ್ಕೋ ಎಂದು ನೋಡುತ್ತಿದ್ದರು.

“ಹರಿಯೋದಿಲ್ಲ. ಆದರೆ ಇಂಗುತ್ತೆ. ಗುಂಡಿಗೆ ಸುರಿದ ವರ್ಷಗಳಲ್ಲೆಲ್ಲ ದ್ರಾವಕ ಹೊರಗೆ ಹೆಚ್ಚು, ಜೇಡಿಯೊಳಗೆ ಕಡಿಮೆ. ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಒಳಗೆ ಇಳಿದಿರುತ್ತೆ. ಈಗ ಹೊರಗಡೆ ತೊಳೆದುಬಿಟ್ಟಿದ್ದೀವಿ. ಹಾಗಾಗಿ ಅದು ವಾಪಸ್ ಈಚೆಗೆ ಬರುತ್ತೆ. ಜೇಡಿಯ ರಂಧ್ರ ನಿರ್ಮಲಾಣುವಿಗಿಂತ ಸಣ್ಣದು, ನಮ್ಮ ಕಣ ಒಳಗೆ ಹೋಗಿಯೇ ಇಲ್ಲ. ಹೋಗದ ಕಡೆಯಿಂದ ಸದ್ದು ಹೇಗೆ ಬರುತ್ತೆ?”

ಅವರು ಈಗ ತಲೆಯೆತ್ತಿದರು. 

“ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿ ಸರ್. ಮೇಲೆ ಎಷ್ಟು ಸಲ ತೊಳೆದರೂ—”

“ಇದು ಅಡುಗೆ ಕ್ಲಾಸಲ್ಲ ಮೇಡಂ,” ಎಂದು ನಕ್ಕರು. ಬ್ಯಾನರ್ ತಂದ ಹುಡುಗಿಯೂ ನಕ್ಕಳು. “ಕಾಲೊನಿ ಬಾವಿಯ ಸ್ಯಾಂಪಲ್ ಪ್ರತಿ ವಾರ ತೆಗೀತೀವಿ. ಪಂಪು ಒಂದು ತಾಸು ಓಡಿಸಿ, ನಿಂತ ನೀರೆಲ್ಲ ತೆಗೆದುಹಾಕಿ, ಆಮೇಲೆ ಹಿಡೀತೀವಿ. ಅದೇ ಪದ್ಧತಿ. ಪ್ರತಿ ವಾರ ಸೊನ್ನೆ. ನಿಮ್ಮ ಮಾವಿನಕಾಯಿ ಎಲ್ಲಿಗೆ ಹೋಯ್ತು?”

ಅದಕ್ಕೆ ಉತ್ತರ ನಲ್ಲಿಯ ಹತ್ತಿರ ಇತ್ತು.

*

ಕಾಲೊನಿಯ ನಲ್ಲಿಗೆ ಪಂಪು ಹಾಕುವುದು ಬೆಳಿಗ್ಗೆ. ಅತ್ತೆಯ ಸುದ್ದಿ ಹರಡಿದ ಮೇಲೆ ಪಂಪಿಗೆ ಮುಂಚೆಯೇ ಸಾಲು. ಬಟ್ಟೆ ಒಗೆಯಲು ಕೊಟ್ಟ ನಲ್ಲಿಯ ಮುಂದೆ ಈಗ ಒಗೆಯುವ ಬಟ್ಟೆ ಒಂದೂ ಇಲ್ಲ, ಬರೀ ತಾಮ್ರ, ಸ್ಟೀಲು, ಪ್ಲಾಸ್ಟಿಕ್ಕು. ನಾನು ಗೇಟಿನ ಬಳಿ ನಿಂತು ನೋಡಿದೆ.

ಅತ್ತೆಯೂ ಪಕ್ಕದ ಮನೆಯ ಖೈರುನ್ನೀಸಾರೂ ಒಂದೇ ನಲ್ಲಿಯ ಬಾಯಿಗೆ ಎರಡು ಕೊಡ ಹಿಡಿದಿದ್ದರು.

“ನಿನ್ನೆ ಮೊದಲ ಕೊಡ ನಿನ್ನದು. ಇವತ್ತು ನಂದು,” ಎಂದರು ಖೈರುನ್ನೀಸಾ.

“ಸಿಹಿ ಅಂತ ಕಂಡುಹಿಡಿದೋಳು ನಾನು. ನೀನು ಬಂದಿದ್ದು ಆಮೇಲೆ.”

“ಕಂಡುಹಿಡಿದರೆ ನಲ್ಲಿ ನಿನ್ನ ಹೆಸರಿಗೆ ಬರೆದುಕೊಟ್ರಾ? ಹಿಂದೆ ಸರಿ ಹಾಲಮ್ಮಾ. ಎಂಟನೇ ಕೊಡ ಆದ್ಮೇಲೆ ಮತ್ತೆ ಅದೇ ಉಪ್ಪು ಬರ್ತದೆ. ನಮ್ಮನೆಯವರು ಚಹಾ ಕುಡೀದೆ ಲೋಟ ಇಟ್ಬಿಟ್ರು.”

ಖೈರುನ್ನೀಸಾರ ಆ ಒಂದು ಮಾತಿನಲ್ಲಿ ಪ್ರಫುಲ್ಲಚಂದ್ರರ ಪ್ರಶ್ನೆಗೆ ಉತ್ತರವಿತ್ತು. ಮೊದಲ ಕೊಡಗಳು ಸಿಹಿ, ಆಮೇಲೆ ಉಪ್ಪು. ಪಂಪು ನಿಂತಿರುವಷ್ಟು ಹೊತ್ತೂ ಬಾವಿಯ ನೀರು ಜೇಡಿಗೆ ಒತ್ತಿಕೊಂಡು ನಿಂತಿರುತ್ತದೆ, ಜೇಡಿ ತನ್ನೊಳಗಿನದನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ, ಆ ಸಿಹಿ ಉಪ್ಪನ್ನು ಮುಚ್ಚಿಬಿಡುತ್ತದೆ. ಪಂಪು ಓಡಿದೊಡನೆ ಮೊರಮ್ಮಿನಿಂದ ತೊಳೆದ ನೀರು ನುಗ್ಗಿ ಬರುತ್ತದೆ. ಅದು ನಮ್ಮ ನೆಲದ ಹಳೆಯ ಉಪ್ಪುನೀರು, ನಿರಪಾಯದ ನೀರು. ಪ್ರಫುಲ್ಲಚಂದ್ರರ ಸ್ಯಾಂಪಲ್ ಪ್ರತಿ ವಾರ ಆ ಉಪ್ಪುನೀರು. ನಮ್ಮ ಹೆಂಗಸರು ತಳ್ಳಾಡಿ ಗೆದ್ದುಕೊಂಡು ಹೋಗುತ್ತಿದ್ದದ್ದು ಅವರು ಸ್ಯಾಂಪಲಿಗೆ ಮುಂಚೆ ಚೆಲ್ಲಿಬಿಡುವ ಆ ಮೊದಲ ನೀರು. ಯಾರ ಮೊಣಕೈ ಗಟ್ಟಿಯೋ ಅವರಿಗೆ ಹೆಚ್ಚು ವಿಷ. ಸಾಲಿನ ಕೊನೆಯಲ್ಲಿ ನಿಂತು ಬಾಯಿ ಕಿವುಚುತ್ತಿದ್ದ ನಾಲ್ಕು ಮನೆಯವರು ಮಾತ್ರ ಆರೋಗ್ಯವಂತರು.

ಇಡೀ ಊರು ಒಂದು ಪದವನ್ನು ಇಷ್ಟು ನಂಬಿದರೆ ಹೀಗೇ ಆಗುವುದು. ನೀರು ಕಹಿಯಾಗಿದ್ದಿದ್ದರೆ ಒಬ್ಬರೂ ಮುಟ್ಟುತ್ತಿರಲಿಲ್ಲ.

“ಅತ್ತೆ, ಚೆಲ್ಲಿಬಿಡಿ ಅದನ್ನ,” ಎಂದೆ ಅವರು ಮನೆಯಲ್ಲಿ ಕೊಡ ಇಳಿಸುವ ಮೊದಲೇ. “ಆ ಸಿಹಿ ಕಾರ್ಖಾನೆಯದು.”

“ಕಾರ್ಖಾನೆ ಮುಚ್ಚಿ ಎಷ್ಟು ವರ್ಷ ಆತು?”

“ನೆಲ ಮುಚ್ಚಿಲ್ಲ.”

“ಟ್ಯಾಂಕರ್ ನೀರು ಕುಡುದು ಕುಡುದು ನಾಲಿಗೆ ಸತ್ತಿತ್ತು. ಈಗ ಸಿಹಿ ಬಂದ್ರೆ ಅದಕ್ಕೂ ಹೆಸರಿಡ್ತಾಳೆ.” ಇದನ್ನು ಹೇಳಿದ್ದು ನನಗಲ್ಲ, ಕೊಟ್ರೇಶನಿಗೆ. “ಕಾಯಿಸಿದರೆ ಹೋಗಲ್ಲೇನು ನಿನ್ನ ವಿಷ?”

“ಹೋಗುತ್ತೆ. ಅಡುಗೆಮನೆ ಗಾಳಿಗೆ. ಆಮೇಲೆ ನಮ್ಮ ಮೂಗಿಗೆ.”

ಕೊಟ್ರೇಶ ಇಬ್ಬರ ಮುಖವನ್ನೂ ನೋಡಿ ಚಪ್ಪಲಿ ಹಾಕಿಕೊಂಡು ತನ್ನ ಜೆರಾಕ್ಸ್ ಅಂಗಡಿಗೆ ಹೊರಟ. ಅಮ್ಮನ ಕಿಡ್ನಿ ಇಟ್ಟುಕೊಂಡ ಮಗ ಅಮ್ಮನ ಮುಂದೆ ವಾದ ಮಾಡುವುದು ಕಷ್ಟ. ಇದನ್ನು ಅವನು ಸದ್ಗುಣ ಎಂದು ತಿಳಿದಿದ್ದಾನೆ.

*

ಕೇಂದ್ರದ ಫ್ರಿಜ್ಜಿನಲ್ಲಿ ಸಾಹೇಬರ ಮೊಸರನ್ನದ ಪಕ್ಕದಲ್ಲಿ ಮಿಕ್ಕ ನಿರ್ಮಲಾಣುವಿನ ಸೀಸೆಗಳಿದ್ದವು. ಒಂದು ಸೀಸೆಯನ್ನೂ ಕೈಯಲ್ಲಿ ಹಿಡಿಯುವ ಶ್ರವಣಿಯೊಂದನ್ನೂ ಊಟದ ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನ ಮನೆಗೆ ಬಂದೆ. ಅತ್ತೆ ನನ್ನ ಕೈ ನೋಡುತ್ತ ನಿಂತರು. ಎರಡು ಪಾತ್ರೆ ಇಟ್ಟೆ, ಒಂದರಲ್ಲಿ ಟ್ಯಾಂಕರ್ ನೀರು, ಇನ್ನೊಂದರಲ್ಲಿ ಬೆಳಗಿನ ಮೊದಲ ಕೊಡದ್ದು. ಎರಡಕ್ಕೂ ಒಂದೊಂದು ಹನಿ ಬಿಟ್ಟೆ.

ಟ್ಯಾಂಕರ್ ನೀರು ಸುಮ್ಮನಿತ್ತು. ಇನ್ನೊಂದಕ್ಕೆ ಶ್ರವಣಿ ಅದ್ದಿದ ಕೂಡಲೇ ಅಡುಗೆಮನೆ ತುಂಬ ಚಿಟಿಚಿಟಿ. ಮೊದಲ ವರ್ಷ ಕೇಳಿದ ಅದೇ ಜೀರುಂಡೆ, ಅಷ್ಟೇ ದಟ್ಟ. ಅಷ್ಟು ಕೆಟ್ಟ ಸದ್ದನ್ನು ನಾನು ನನ್ನ ಮನೆಯೊಳಗೆ ಕೇಳುತ್ತೇನೆ ಎಂದುಕೊಂಡಿರಲಿಲ್ಲ.

ಅತ್ತೆ ಬಗ್ಗಿ ನೋಡಿದರು.

“ಹುಳ ಬಿಟ್ಟೆ ಒಳ್ಳೆ ನೀರಿಗೆ. ಬಿಟ್ಟು, ಕೂಗ್ತವೆ ಅಂತ ನನಗೇ ತೋರಿಸ್ತೀಯ.”

“ಈ ಪಾತ್ರೆಗೂ ಬಿಟ್ಟೆನಲ್ಲ. ಇದರಲ್ಲಿ ಯಾಕೆ ಕೂಗ್ತಿಲ್ಲ?”

“ಅದು ಟ್ಯಾಂಕರ್ ನೀರು. ಹುಳಕ್ಕೂ ರುಚಿ ಗೊತ್ತಾಗುತ್ತೆ.”

 ನನ್ನ ಎದುರು ಅವರು ಒಂದು ಲೋಟ ಬಗ್ಗಿಸಿಕೊಂಡರು, ಹುಳ ಬಿಡದ ಕೊಡದಿಂದ. ನಾನು ಲೋಟ ಕಿತ್ತುಕೊಂಡೆ. ಅತ್ತೆಯ ಕೈಯಿಂದ ಸೊಸೆ ಲೋಟ ಕಿತ್ತುಕೊಂಡದ್ದು ಕಾಲೊನಿಯಲ್ಲಿ ಸಂಜೆಯೊಳಗೆ ಸುದ್ದಿಯಾಯಿತು. ನೀರಿನ ವಿಷಯ ಯಾರ ಬಾಯಲ್ಲೂ ಇರಲಿಲ್ಲ.

ಅದೇ ಸೀಸೆ, ಅದೇ ನೀರು, ಮರುದಿನ ಪ್ರಫುಲ್ಲಚಂದ್ರರ ಮೇಜಿನ ಮೇಲೆ. ಅವರು ಬಾಗಿಲು ಹಾಕಿಸಿ ಪೂರ್ತಿ ಕೇಳಿದರು. ಆಮೇಲೆ ಶ್ರವಣಿಯನ್ನು ತಾವೇ ಎತ್ತಿ ಒರೆಸಿಟ್ಟರು.

“ಇದು ಪದ್ಧತಿ ಪ್ರಕಾರ ಹಿಡಿದ ಸ್ಯಾಂಪಲ್ ಅಲ್ಲ.”

“ಜನ ಪದ್ಧತಿ ಪ್ರಕಾರ ಕುಡಿಯೋದಿಲ್ಲ ಸರ್.”

“ಮೇಡಂ, ವರದಿಯಲ್ಲಿ ಜೇಡಿ ಅಂತ ಬರೆದರೆ ಏನಾಗುತ್ತೆ ಗೊತ್ತಾ? ದ್ರಾವಕ ಒಳಗೆ ಹೋಗೋಕೆ ಎಷ್ಟು ವರ್ಷ ತಗೊಂಡಿತೋ ಅದಕ್ಕಿಂತ ಹೆಚ್ಚು ವರ್ಷ ಹೊರಗೆ ಬರೋಕೆ ಬೇಕು. ಬರ್ತಾ ಬರ್ತಾ ಇನ್ನೂ ನಿಧಾನ. ನಾನೂ ಇರಲ್ಲ, ನೀವೂ ಇರಲ್ಲ. ಮುಗಿಯದ ಕೆಲಸಕ್ಕೆ ಯಾರೂ ಉದ್ಘಾಟನೆ ಮಾಡಲ್ಲ.”

ಅಲ್ಲಿಗೆ ನನಗೆ ಗೊತ್ತಾಯಿತು, ಮಾವಿನಕಾಯಿಯ ವಿಷಯ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ದಡ್ಡರೆಂದು ತಿಳಿದು ಅವರ ಮೇಲೆ ಸ್ವಲ್ಪ ಕನಿಕರವಿಟ್ಟುಕೊಂಡಿದ್ದೆ. ಅದನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಕಾಲೊನಿಯ ಸಂಘದ ಅಧ್ಯಕ್ಷ ತಿಪ್ಪೇಸ್ವಾಮಿಗೂ ಹೇಳಿದೆ. ಅವನು ಶಾಮಿಯಾನದ ಕಂಬ ಎಣಿಸುತ್ತಿದ್ದ.

“ಅಕ್ಕಾ, ನೀರು ಹೆಂಗಿದೆ ಅಂತ ಆಫೀಸಿನವರು ಮನೆಮನೆಗೆ ಬಂದು ಕೇಳಿದ್ರು. ಎಲ್ಲರೂ ಸಿಹಿ ಅಂದ್ರು. ನೀವೊಬ್ರೇ ವಿಷ ಅಂತೀರಿ. ನೂರು ಜನ ಸುಳ್ಳಾ?”

“ನೂರು ಜನ ಹೇಳಿದ್ದು ನಿಜಾನೇ ತಿಪ್ಪೇಸ್ವಾಮಿ. ಅದೇ ನನ್ನ ಭಯ.”

ಅವನು ನನ್ನನ್ನು ನೋಡಿ, ಪಾಪ, ಮನೆಯಲ್ಲಿ ಕಾಯಿಲೆ ಇದ್ದರೆ ಹೀಗೆಯೇ ಎನ್ನುವಂತೆ ತಲೆಯಾಡಿಸಿದ.

*

ಭಾನುವಾರ ಬೆಳಿಗ್ಗೆ ಶಾಮಿಯಾನದಲ್ಲಿ ಕೂರಲು ಜಾಗವಿರಲಿಲ್ಲ. ಬರಬೇಕಿದ್ದ ಮುಖ್ಯ ಅತಿಥಿ ಬರಲಿಲ್ಲ, ಸಂದೇಶ ಕಳಿಸಿದ್ದರು. ಸಂದೇಶದಲ್ಲಿ ನೀರಿನ ಮಹಿಮೆಯ ಬಗ್ಗೆ ಎರಡು ಪುಟವಿತ್ತು. ತಿಪ್ಪೇಸ್ವಾಮಿ ಅದನ್ನು ಪೂರ್ತಿ ಓದಿದ. ಆಮೇಲೆ ಅವನು ಪ್ರೀತಿಯಿಂದ, ನಿಜವಾದ ಪ್ರೀತಿಯಿಂದಲೇ, ಒಂದು ಮಾತು ಹೇಳಿದ:

“ನಮ್ಮ ಪ್ರಫುಲ್ಲಚಂದ್ರ ಸಾಹೇಬರಿಗೋಸ್ಕರ ಎರಡು ದಿನದಿಂದ ಪಂಪು ಹಾಕಿಲ್ಲ. ಇವತ್ತಿನ ಮೊದಲ ಕೊಡ ಹಿಂದೆಂದೂ ಇಲ್ಲದಷ್ಟು ಸಿಹಿ. ಮೊದಲ ಲೋಟ ಅವರಿಗೇ ಸಲ್ಲಬೇಕು.”

ಚಪ್ಪಾಳೆ ಬಿತ್ತು. ಹೂ ಸುತ್ತಿದ ಕೊಡದಿಂದ ಬೆಳ್ಳಿಲೋಟಕ್ಕೆ ಬಗ್ಗಿಸಿದರು. ಪ್ರಫುಲ್ಲಚಂದ್ರ ಎದ್ದು ನಿಂತು ಲೋಟ ತೆಗೆದುಕೊಂಡರು, ಒಂದು ಕ್ಷಣ ಸಭೆಯಲ್ಲಿ ಯಾರನ್ನೋ ಹುಡುಕಿದರು. ನನ್ನನ್ನೇ ಇರಬೇಕು. ನಾನು ಮೂರನೇ ಸಾಲಿನಲ್ಲಿದ್ದೆ. ಎದ್ದು ಕೂಗಬೇಕೆಂದು ಬಂದಿದ್ದೆ, ಏನು ಕೂಗಬೇಕೆಂದು ಪದ ಜೋಡಿಸಿಕೊಂಡೂ ಇದ್ದೆ. ಅವರ ಮುಖ ನೋಡಿದ ಮೇಲೆ ಕೂಗಲಿಲ್ಲ. ಕುಡಿಯಲಿ ಎನಿಸಿತು. ಆ ಕ್ಷಣ ನನಗೆ ಅವರ ಮೇಲೆ ಇದ್ದದ್ದು ಅಷ್ಟೇ.

ಅವರು ಲೋಟ ತುಟಿಗಿಟ್ಟು, ತಲೆ ಹಿಂದಕ್ಕೆ ವಾಲಿಸಿ, ಕೆಳಗಿಳಿಸಿ, “ಅಮೃತ,” ಎಂದರು.

ಮತ್ತೆ ಚಪ್ಪಾಳೆ. ಮೊದಲ ಸಾಲಿನಲ್ಲಿ ಕೂತಿದ್ದ ನಮ್ಮತ್ತೆ ಮಾತ್ರ ತಟ್ಟಲಿಲ್ಲ.

“ಗಂಟಲು ಅಲ್ಲಾಡಲಿಲ್ಲ,” ಎಂದರು, ಪಕ್ಕದ ಖೈರುನ್ನೀಸಾರಿಗೆ. ಮೆಲ್ಲಗೆ ಹೇಳುವುದು ಅವರಿಗೆ ಬರುವುದಿಲ್ಲ.

“ಏನು?”

“ನುಂಗಲಿಲ್ಲ ಕಣೇ. ಔಷಧಿ ಕುಡಿಸೋವಾಗ ಕೊಟ್ರೇಶಿ ಹಿಂಗೇ ಮಾಡ್ತಿದ್ದ. ತುಟಿ ಒದ್ದೆ, ಗಂಟಲು ಒಣ.”

ಖೈರುನ್ನೀಸಾ ಎದ್ದು ನಿಂತರು. “ಸಾಹೇಬ್ರೇ, ಇನ್ನೊಂದು ಗುಟುಕು ಕುಡೀರಿ. ನಾವು ನೋಡಲಿಲ್ಲ.”

ಸಭೆ ನಕ್ಕಿತು. ಪ್ರಫುಲ್ಲಚಂದ್ರರೂ ನಕ್ಕರು. ಕುಡಿಯಲಿಲ್ಲ.

“ಕುಡೀರಿ ಸಾರ್,” ಎಂದ ತಿಪ್ಪೇಸ್ವಾಮಿ, ಇನ್ನೂ ನಗುತ್ತಲೇ. “ಸಿಹಿ ಐತೆ.”

“ನನಗೆ ಸ್ವಲ್ಪ ಶುಗರ್,” ಎಂದರು ಪ್ರಫುಲ್ಲಚಂದ್ರ.

ಇಷ್ಟು ವರ್ಷ ಓದಿದ ಮನುಷ್ಯನಿಗೆ ಆ ಹೊತ್ತಿನಲ್ಲಿ ಹೊಳೆದದ್ದು ಅದು. ಯಾರೂ ನಗಲಿಲ್ಲ. ತಿಪ್ಪೇಸ್ವಾಮಿ ಲೋಟದೊಳಗೆ ಇಣುಕಿ ನೋಡಿದ, ನೀರು ಕಂಠಮಟ್ಟ ಹಾಗೇ ಇತ್ತು. ಅವನು ಅದನ್ನು ಮೇಜಿನ ಅಂಚಿಗೆ, ತನ್ನಿಂದ ದೂರಕ್ಕೆ ಸರಿಸಿಟ್ಟ.

“ನಾಳೆ ಟ್ಯಾಂಕರ್ ಬರ್ತೈತೋ ಇಲ್ವೋ?” ಎಂದು ಹಿಂದಿನಿಂದ ಯಾರೋ ಕೇಳಿದರು. ಆಮೇಲೆ ಎಲ್ಲರೂ ಅದನ್ನೇ ಕೇಳತೊಡಗಿದರು. ವೇದಿಕೆಯಿಂದ ಇಳಿಯುವ ದಾರಿ ಸಿಗದೆ ಪ್ರಫುಲ್ಲಚಂದ್ರ ಬರುತ್ತದೆ ಎಂದರು. ಬರೆದು ಕೊಡಿ ಎಂದರು ಜನ. ಬ್ಯಾನರಿನ ಬೆನ್ನಿಗೆ, ತಮ್ಮ ಫೋಟೊದ ಹಿಂಭಾಗದಲ್ಲಿ, ಬರೆದುಕೊಟ್ಟರು.

ಗೆದ್ದೆ ಎನ್ನಬೇಕು. ನನ್ನ ಸೀಸೆ, ಶ್ರವಣಿ, ಮಾವಿನಕಾಯಿ ಯಾವುದೂ ಗೆಲ್ಲಿಸಲಿಲ್ಲ. ಒಬ್ಬ ಗಂಡಸು ಒಂದು ಗುಟುಕು ನುಂಗಲಿಲ್ಲ, ಅಷ್ಟಕ್ಕೆ ನೂರು ಜನ ನಂಬಿದರು. ಜೇಡಿಯ ಮಾತನ್ನು ಅಂದು ಯಾರೂ ಎತ್ತಲಿಲ್ಲ, ಎತ್ತಿದ್ದರೆ ಕೇಳಲು ಯಾರೂ ಕೂರುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ನೇರ ಅಡುಗೆಮನೆಗೆ ಹೋಗಿ, ಎರಡು ದಿನದ ಹಿಂದೆ ತುಂಬಿಟ್ಟಿದ್ದ ಕೊಡವನ್ನು ಸೊಂಟಕ್ಕೇರಿಸಿ ಹಿತ್ತಲಿಗೆ ಬಂದರು. ಕೊಟ್ರೇಶ ಇಳಿಸಿಕೊಳ್ಳಲು ಹೋದ. “ಸರಿ ಆಚೆ, ನೀನು ಮುಟ್ಟಬ್ಯಾಡ,” ಎಂದು ಗದರಿದರು.

ಕರಿಬೇವಿನ ಗಿಡದ ಬುಡಕ್ಕೆ ಬಗ್ಗಿಸಲು ಹೋದವರು ನಿಂತರು. ಚರಂಡಿಯ ಕಡೆ ಎರಡು ಹೆಜ್ಜೆ ಹೋಗಿ ಮತ್ತೆ ನಿಂತರು. ಚರಂಡಿ ಕಾರ್ಖಾನೆಯ ಹಿತ್ತಲಿನ ಕಡೆಗೇ ಹೋಗುತ್ತದೆ. ಸೊಂಟದ ಮೇಲಿನ ಕೊಡವನ್ನು ಒಮ್ಮೆ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

“ಎಲ್ಲಿ ಚೆಲ್ಲಲೇ ಇದನ್ನ?”

ಬಿಸಿಲಿಗೆ ಇಡಿ, ಹಾರಿಹೋಗುತ್ತೆ ಎನ್ನಲು ಬಾಯಿ ತೆಗೆದೆ. ಗಾಳಿ ಖೈರುನ್ನೀಸಾರ ಕಿಟಕಿಯ ಕಡೆಗೆ ಬೀಸುತ್ತಿತ್ತು.

“ಹೇಳು. ಓದಿದೋಳಲ್ಲೇನು ನೀನು. ಎಲ್ಲಿ ಚೆಲ್ಲಲಿ?”